ಹನ್ನೊಂದನೇ ಕಾಲಂ

ಡ್ರಿಲ್ ಮೇಷ್ಟ್ರು ಸುಳ್ಳು ಹೇಳುವ ಪೈಕಿ ಅಲ್ಲ. ಆದರೆ ಹೋದ ತಿಂಗಳು ಇಲಾಖೆಯಿಂದ ಬಂದ ಮಾರುದ್ದದ ನಮೂನೆಯನ್ನು ತುಂಬುವಾಗ ಹನ್ನೊಂದನೇ ಕಾಲಂ ಹತ್ತಿರ ಅವರ ಪೆನ್ನು ನಿಂತುಬಿಟ್ಟಿತು. ‘ಏಳನೇ ತರಗತಿಯಲ್ಲಿ ಆಟದ ಅವಧಿಗೆ ತಾವಾಗಿಯೇ ಇಷ್ಟಪಟ್ಟು ಬರುವ ಮಕ್ಕಳು ಎಷ್ಟು?’ ಎಂದು ಅಲ್ಲಿ ಕೇಳಿತ್ತು. ತರಗತಿಯಲ್ಲಿದ್ದವರು ನಲವತ್ತೆರಡು ಮಕ್ಕಳು. ಇಷ್ಟಪಟ್ಟು ಬರುವವರು ಇಬ್ಬರು. ಆ ಇಬ್ಬರಲ್ಲೂ ಒಬ್ಬನಿಗೆ ಆಟಕ್ಕಿಂತ ಮೈದಾನದ ಮೂಲೆಯಲ್ಲಿದ್ದ ಇರುವೆಗೂಡಿನ ಮೇಲೆ ಹೆಚ್ಚು ಪ್ರೀತಿ.

ಮೇಷ್ಟ್ರು ತಲೆಯೆತ್ತಿ ಕಿಟಕಿಯಾಚೆಗಿನ ಖಾಲಿ ಮೈದಾನವನ್ನು ನೋಡಿದರು. ಹತ್ತೊಂಬತ್ತು ವರ್ಷದ ಹಿಂದೆ ಅವರು ಕೆಲಸಕ್ಕೆ ಸೇರಿದಾಗ ಆಟದ ಗಂಟೆ ಹೊಡೆದರೆ ಸಾಕು, ಮಕ್ಕಳು ಎರಡೆರಡು ಮೆಟ್ಟಿಲು ಒಟ್ಟಿಗೇ ಹಾರಿ ಬರುತ್ತಿದ್ದರು. ಎದ್ದ ಧೂಳು ಆಫೀಸಿನ ಕೋಣೆಯವರೆಗೂ ಹೋಗಿ, ಅಲ್ಲಿದ್ದವರು ಬೈದುಕೊಳ್ಳುತ್ತ ಕಿಟಕಿ ಮುಚ್ಚುತ್ತಿದ್ದರು. ಆ ಧೂಳನ್ನು ಇನ್ನೊಮ್ಮೆ ನೋಡಬೇಕೆಂದು ಮೇಷ್ಟ್ರ ಜೀವ ಹಾತೊರೆಯುತ್ತಿತ್ತು. ಮನಸ್ಸು ಅತ್ತ ಅಲೆಯುತ್ತಿರುವಾಗ ಇತ್ತ ಕೈ ತನ್ನ ಪಾಡಿಗೆ ತಾನು ‘ನಲವತ್ತೆರಡು’ ಎಂದು ಬರೆದು ಮುಂದಿನ ಕಾಲಮಿಗೆ ಹೋಗಿಬಿಟ್ಟಿತು. ಅದು ಸುಳ್ಳಲ್ಲ, ಆಸೆ. ಆದರೆ ಆಸೆ ಬರೆಯಲು ನಮೂನೆಯಲ್ಲಿ ಬೇರೆ ಜಾಗ ಇರಲಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಅನ್ನುವ ದಿನ ಈ ಗುರುವಾರ ಬಂತು. ಇಲಾಖೆಯ ಸಾಹೇಬರು ಶಾಲೆಗೆ ಬರುತ್ತಾರೆಂದು ಹಿಂದಿನ ದಿನವೇ ಸುದ್ದಿಯಾಗಿದ್ದರಿಂದ, ಮೇಷ್ಟ್ರ ಹೆಂಡತಿ ಬೆಳಿಗ್ಗೆ ಎದ್ದವಳೇ ಬಿಳಿಯ ತುಂಬುತೋಳಿನ ಅಂಗಿಗೂ ಕಪ್ಪು ಪ್ಯಾಂಟಿಗೂ ಇಸ್ತ್ರಿ ಹಾಕಿ ಇಟ್ಟಿದ್ದಳು.

“ಆ ಮೊಣಕಾಲು ಜೋತುಬಿದ್ದ ಟ್ರ್ಯಾಕ್ ಪ್ಯಾಂಟಲ್ಲಿ ಸಾಹೇಬ್ರ ಮುಂದೆ ನಿಂತ್ಕೋಬೇಡಿ. ಒಂದಿನವಾದ್ರೂ ಮೇಷ್ಟ್ರ ಥರ ಕಾಣಿ.”

“ನಾನು ಮೇಷ್ಟ್ರೇ ಕಣೇ.”

“ಅದು ನನಗೆ ಗೊತ್ತು. ನೋಡಿದವ್ರಿಗೂ ಗೊತ್ತಾಗ್ಲಿ ಅಂದೆ.”

ಶಾಲೆಯ ಗೇಟು ದಾಟುತ್ತಿದ್ದಂತೆ ಹೆಡ್‌ಮಿಸ್ಟ್ರೆಸ್ ಕರೆಸಿದರು. ಶಾಲೆಯಲ್ಲಿ ಎಲ್ಲರೂ ಅವರನ್ನು ದೊಡ್ಡಮೇಡಂ ಎನ್ನುತ್ತಿದ್ದರು. ಅವರ ಮೇಜಿನ ಮೇಲೆ ಅದೇ ನಮೂನೆಯ ಪ್ರತಿ ಇತ್ತು. ಹನ್ನೊಂದನೇ ಕಾಲಮಿಗೆ ಯಾರೋ ಕೆಂಪು ಶಾಯಿಯಲ್ಲಿ ದುಂಡಗೆ ಗೆರೆ ಎಳೆದಿದ್ದರು.

“ಉಳಿದ ಶಾಲೆಯವ್ರೆಲ್ಲ ಹದಿನೈದು, ಇಪ್ಪತ್ತು ಅಂತ ಬರೆದಿದಾರೆ. ನೀವೊಬ್ರೇ ನಲವತ್ತೆರಡಕ್ಕೆ ನಲವತ್ತೆರಡು. ಈ ಪವಾಡಾನ ಕಣ್ಣಾರೆ ನೋಡ್ಬೇಕು ಅಂತ ಸಾಹೇಬ್ರು ಕೊನೇ ಪೀರಿಯಡ್‌ಗೆ ಬರ್ತಿದಾರೆ. ಬರೆಯೋ ಮುಂಚೆ ಎಣಿಸಿದ್ರಾ ನೀವು?”

“ಎಣಿಸಿದೆ ಮೇಡಂ.”

“ಎಲ್ಲಿ?”

“ಹಾಜರಿ ಪುಸ್ತಕದಲ್ಲಿ.”

ದೊಡ್ಡಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಆದ್ರೆ ಒಂದು ಮಾತು ಕೇಳಿ. ಇವತ್ತು ಸಾಹೇಬ್ರಿಗೆ ಮೈದಾನದಲ್ಲಿ ಮಕ್ಕಳು ಕಾಣಿಸ್ಲಿಲ್ಲ ಅಂದ್ರೆ, ನಾಳೆಯಿಂದ ಆಟದ ಪೀರಿಯಡ್ ಪೂರ್ತಿ ಲೆಕ್ಕಕ್ಕೆ ಹೋಗುತ್ತೆ. ಲೆಕ್ಕದ ಮೇಷ್ಟ್ರು ಎರಡು ವರ್ಷದಿಂದ ಕೇಳ್ತಾನೇ ಇದಾರೆ. ನೀವು ಸ್ಟೋರ್ ರೂಮಲ್ಲಿ ಕೂತು ಮುರಿದ ಬೆಂಚು ಎಣಿಸ್ಬೇಕಾಗುತ್ತೆ. ಎಣಿಸೋದಾದ್ರೂ ಬರುತ್ತೆ.”

ವಾರದ ಮೂರು ಆಟದ ಪೀರಿಯಡ್‌ಗಳಲ್ಲಿ ಎರಡನ್ನು ಲೆಕ್ಕದ ಮೇಷ್ಟ್ರು ಈಗಾಗಲೇ ‘ಪೋರ್ಷನ್ ಮುಗಿದಿಲ್ಲ’ ಅನ್ನುತ್ತ ತೆಗೆದುಕೊಂಡಿದ್ದರು. ಉಳಿದದ್ದು ಗುರುವಾರದ ಕೊನೆಯ ಪೀರಿಯಡ್ ಒಂದೇ. ಅದಕ್ಕಾಗಿ ಡ್ರಿಲ್ ಮೇಷ್ಟ್ರು ಶುಕ್ರವಾರದಿಂದಲೇ ಕಾಯುತ್ತಿದ್ದರು. ಬಂದ ಮೇಲೆ ಇಬ್ಬರು ಮಕ್ಕಳು, ಒಂದು ಇರುವೆಗೂಡು. ಆದರೂ ಕಾಯುತ್ತಿದ್ದರು.

ಮೊದಲನೇ ಪೀರಿಯಡ್‌ಗೆ ಮುಂಚೆಯೇ ಅವರು ಏಳನೇ ತರಗತಿಗೆ ಹೋದರು. ದಾರಿಯಲ್ಲಿ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದರು. ದೇಹ ಗಟ್ಟಿಯಿದ್ದರೆ ಮನಸ್ಸು ಗಟ್ಟಿ, ಮನಸ್ಸು ಗಟ್ಟಿಯಿದ್ದರೆ ಮಾರ್ಕು ಗಟ್ಟಿ ಎಂದೆಲ್ಲ ಹೇಳಿದರು. ಮಕ್ಕಳು ದಂತವೈದ್ಯರ ಮುಂದೆ ಕೂತವರ ಹಾಗೆ ಕೂತು ಕೇಳಿದರು.

“ಸರಿ, ಇವತ್ತು ಕೊನೇ ಪೀರಿಯಡ್‌ಗೆ ಎಲ್ಲರೂ ಖುಷಿಯಾಗಿ ಬರ್ಬೇಕು. ಬರ್ತೀರಾ?”

ಮೊದಲನೇ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದಳು. ತರಗತಿಯ ಯಾವ ಅಹವಾಲಿದ್ದರೂ ಮಂಡಿಸುವವಳು ಅವಳೇ. ಆದ್ದರಿಂದ ಅವಳಿಗೆ ವಕೀಲಮ್ಮ ಎಂಬ ಹೆಸರು ಬಿದ್ದಿತ್ತು.

“ಸಾರ್, ಹೊಟ್ಟೆನೋವು ಏಳು ಜನಕ್ಕಿದೆ. ಕಾಲು ಉಳುಕಿರೋದು ಐದು ಜನಕ್ಕೆ. ಇಬ್ಬರಿಗೆ ಬಿಸಿಲು ಆಗಲ್ಲ. ಉಳಿದವ್ರಿಗೆ ಇನ್ನೂ ಏನೂ ಆಗಿಲ್ಲ, ಮಧ್ಯಾಹ್ನದ ಮೇಲೆ ಆಗುತ್ತೆ.”

“ನಿಜ ಹೇಳಮ್ಮ. ಯಾಕೆ ಬರಲ್ಲ ನೀವು? ನಾನು ಹೊಡೀತೀನಾ, ಬೈತೀನಾ?”

ವಕೀಲಮ್ಮ ಹಿಂದೆ ತಿರುಗಿ ತನ್ನ ಕಕ್ಷಿದಾರರನ್ನು ಒಮ್ಮೆ ನೋಡಿದಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದಳು. “ನಾವೇನ್ ತಪ್ಪು ಮಾಡಿದ್ವಿ ಸಾರ್?”

ಮೇಷ್ಟ್ರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ಶಾಲೆಯಲ್ಲಿ ಶಿಕ್ಷೆ ಎಂದರೆ ಒಂದೇ, ಮೈದಾನಕ್ಕೆ ಸುತ್ತು. ಹೋಮ್‌ವರ್ಕ್ ತರದಿದ್ದರೆ ಮೂರು ಸುತ್ತು, ತಡವಾಗಿ ಬಂದರೆ ಐದು, ಪಕ್ಕದವರ ಜೊತೆ ಮಾತಾಡಿದರೆ ಇಬ್ಬರಿಗೂ ಸೇರಿ ಎಂಟು. ವಿಜ್ಞಾನದ ಮೇಡಂ ಕಳಿಸುತ್ತಿದ್ದರು, ಲೆಕ್ಕದ ಮೇಷ್ಟ್ರು ಕಳಿಸುತ್ತಿದ್ದರು, ದೊಡ್ಡಮೇಡಂ ಕೂಡ ಕಳಿಸುತ್ತಿದ್ದರು. ಕಳಿಸಿದವರನ್ನು ಎಣಿಸಿ ಓಡಿಸುವ ಕೆಲಸ ಡ್ರಿಲ್ ಮೇಷ್ಟ್ರದ್ದು. ಮಕ್ಕಳ ಕಣ್ಣಿಗೆ ಮೈದಾನ ಒಂದು ಜೈಲು, ತಾವು ಅದರ ಜೈಲರು ಎಂಬುದು ಈ ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ಹೊಳೆದೇ ಇರಲಿಲ್ಲ. ತಾನು ಪ್ರೀತಿಸಿದ ಜಾಗವನ್ನು ಹೀಗೆ ಕಣ್ಣೆದುರೇ ಕೆಡಿಸಲು ಬಿಟ್ಟೆನಲ್ಲ ಎಂದು ಅವರಿಗೆ ತುಂಬ ಬೇಜಾರಾಯಿತು.

ಅಲ್ಲಿಂದ ಸೀದಾ ಸ್ಟಾಫ್ ರೂಮಿಗೆ ಹೋಗಿ ಕೈ ಮುಗಿದು ನಿಂತರು.

“ಇವತ್ತೊಂದಿನ ಯಾರೂ ಮಕ್ಕಳನ್ನ ಸುತ್ತು ಹಾಕೋಕೆ ಕಳಿಸ್ಬೇಡಿ. ನಿಮ್ಮ ದಮ್ಮಯ್ಯ. ನನ್ನ ಮರ್ಯಾದೆ ಪ್ರಶ್ನೆ.”

ಲೆಕ್ಕದ ಮೇಷ್ಟ್ರು ಪೇಪರಿನಿಂದ ತಲೆಯೆತ್ತಿದರು. ಅವರು ಗುಂಡಗಿನ ಮನುಷ್ಯ. ಕರಿಹಲಗೆಯ ಈ ತುದಿಯಿಂದ ಆ ತುದಿಗೆ ಹೋಗುವುದೇ ಅವರ ದಿನದ ವ್ಯಾಯಾಮ. ಕೆಟ್ಟವರಲ್ಲ. ಡ್ರಿಲ್ ಮೇಷ್ಟ್ರಿಗೆ ಮೈದಾನ ಹೇಗೋ ಅವರಿಗೆ ಲೆಕ್ಕ ಹಾಗೆ, ಅಷ್ಟೇ.

“ಮಧ್ಯಾಹ್ನ ಏಳನೇ ಕ್ಲಾಸಿನ ಟೆಸ್ಟ್ ಪೇಪರ್ ಕೊಡ್ತಿದೀನಿ. ಪೇಪರ್ ನೋಡಿದ್ರೆ ಇಡೀ ಕ್ಲಾಸನ್ನ ಪಕ್ಕದೂರಿಗೆ ಓಡಿಸ್ಬೇಕು. ಸುತ್ತು ಬೇಡ ಅಂದ್ರೆ ಮತ್ತೇನು ಶಿಕ್ಷೆ ಕೊಡ್ಲಿ?”

“ಏನಾದ್ರೂ ಕೊಡಿ. ಸುತ್ತು ಒಂದು ಬೇಡ.”

“ಆಯ್ತಪ್ಪ. ಮಾತು ಕೊಟ್ಟೆ. ಬೇರೆ ಏನಾದ್ರೂ ಯೋಚಿಸ್ತೀನಿ.”

ಅಷ್ಟರಲ್ಲಿ ವಿಜ್ಞಾನದ ಮೇಡಂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಕೇಳದೆ ಸಲಹೆ ಕೊಡುವುದರಲ್ಲಿ ಅವರು ಎತ್ತಿದ ಕೈ. “ಬರೀ ಶಿಕ್ಷೆ ನಿಲ್ಲಿಸಿದ್ರೆ ಸಾಲದು ಮೇಷ್ಟ್ರೇ. ಜೇನುನೊಣ ಹೂವಿನ ಹತ್ರ ಸುಮ್ಮನೆ ಹೋಗುತ್ತಾ? ಬಣ್ಣ ಬೇಕು, ಆಕಾರ ಬೇಕು. ನಿಮ್ಮ ಮೈದಾನದಲ್ಲಿ ನೋಡೋಕೇನಿದೆ? ಚೆಂದವಾಗಿ ಗೆರೆ ಹಾಕಿ. ವೃತ್ತ, ಚೌಕ, ಸುರುಳಿ.”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಊಟದ ಬಿಡುವಿನಲ್ಲಿ ಡ್ರಿಲ್ ಮೇಷ್ಟ್ರು ಊಟ ಬಿಟ್ಟು, ಸ್ಟೋರ್ ರೂಮಿನಿಂದ ಸುಣ್ಣದ ಪುಡಿಯ ಮೂಟೆ ಎಳೆದು ತಂದರು. ಬಕೆಟ್ಟಿಗೆ ಸುರಿದುಕೊಂಡು ಬಗ್ಗಿ ಬಗ್ಗಿ ಗೆರೆ ಹಾಕಿದರು. ವೃತ್ತವಾಯಿತು, ಚೌಕವಾಯಿತು. ಸುರುಳಿಯ ಮೂರನೇ ಸುತ್ತಿನಲ್ಲಿದ್ದಾಗ ಎಲ್ಲಿತ್ತೋ ಗಾಳಿ, ಬಕೆಟ್ಟಿನೊಳಗೇ ಇಳಿದು ಎದ್ದಿತು. ಕಣ್ಣು ಬಿಟ್ಟು ನೋಡಿದರೆ ಮೈದಾನದಲ್ಲಿ ಒಂದು ಗೆರೆಯೂ ಇರಲಿಲ್ಲ. ಸುಣ್ಣವೆಲ್ಲ ಮೇಷ್ಟ್ರ ಮೇಲಿತ್ತು. ತಲೆ, ಹುಬ್ಬು, ಮೀಸೆ, ಕಪ್ಪು ಪ್ಯಾಂಟು ಎಲ್ಲ ಒಂದೇ ಬಣ್ಣವಾಗಿದ್ದವು, ಸದ್ಯ ಅಂಗಿ ಮಾತ್ರ ಮೊದಲೇ ಬಿಳಿಯಿತ್ತು.

ಜಗಲಿಯಲ್ಲಿ ಊಟ ಮಾಡುತ್ತಿದ್ದ ಏಳನೇ ತರಗತಿಯವರು ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ನಕ್ಕು, ಬನ್ನಿ ಬನ್ನಿ ಎಂದು ಕೈ ಬೀಸಿದರು. ಮೈದಾನದಿಂದ ಕರೆ ಬಂದದ್ದೇ ತಡ, ನಲವತ್ತೆರಡು ಊಟದ ಡಬ್ಬಿಗಳೂ ಮುಚ್ಚಿಕೊಂಡು ಒಳಗೆ ಹೋದವು.

ಕೈಕಾಲು ತೊಳೆಯಲು ನಲ್ಲಿಯ ಹತ್ತಿರ ಹೋದರೆ ನೀರಿಲ್ಲ. ಕೈಯಲ್ಲೇ ಕೊಡವಿಕೊಳ್ಳುತ್ತ ಆರನೇ ಪೀರಿಯಡ್‌ನಲ್ಲಿ ಏಳನೇ ತರಗತಿಯ ಜಗಲಿ ದಾಟುತ್ತಿದ್ದಾಗ, ಒಳಗಿನಿಂದ ಲೆಕ್ಕದ ಮೇಷ್ಟ್ರ ಗುಡುಗು ಕೇಳಿಸಿತು.

“ಇಪ್ಪತ್ತೈದಕ್ಕೆ ನಾಲ್ಕು. ಇಪ್ಪತ್ತೈದಕ್ಕೆ ಎರಡು. ಇವನಂತೂ ಉತ್ತರದ ಬದಲು ಇರುವೆ ಚಿತ್ರ ಬರೆದಿದಾನೆ. ಏಳಿ ಎಲ್ಲರೂ. ಈಗಲೇ ಮೈದಾನಕ್ಕೆ...”

ಡ್ರಿಲ್ ಮೇಷ್ಟ್ರು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡರು. ಒಳಗೆ ಗುಡುಗು ಅರ್ಧಕ್ಕೇ ನಿಂತಿತು. ಕೊಟ್ಟ ಮಾತು ಲೆಕ್ಕದ ಮೇಷ್ಟ್ರಿಗೆ ನೆನಪಾಗಿರಬೇಕು. ಆದರೆ ಎತ್ತಿದ ಕೈಯನ್ನು ಎಲ್ಲಾದರೂ ಇಳಿಸಲೇಬೇಕಿತ್ತು, ಬಾಯಿಗೆ ಬಂದ ವಾಕ್ಯವನ್ನು ಹೇಗಾದರೂ ಮುಗಿಸಲೇಬೇಕಿತ್ತು.

“ಈಗಲೇ ಅಲ್ಲ, ಈ ತಿಂಗಳು ಪೂರ್ತಿ, ಮೈದಾನಕ್ಕೆ ಒಬ್ಬರೂ ಕಾಲಿಡಕೂಡದು. ಅದೇ ನಿಮಗೆ ಶಿಕ್ಷೆ. ಮುಂದಿನ ಪೀರಿಯಡ್ಡೂ ಇಲ್ಲೇ ಕೂತು ಲೆಕ್ಕ ಮಾಡ್ಬೇಕು.”

ಮಕ್ಕಳು ಈ ಮಾತನ್ನು ಆಕಡೆ ಈಕಡೆ ತಿರುಗಿಸಿ ನೋಡುತ್ತಿದ್ದರೇನೋ. ಆಮೇಲೆ ವಕೀಲಮ್ಮನ ದನಿ, ಎಂದೂ ಇಲ್ಲದ ನಡುಕದಲ್ಲಿ.

“ಸಾರ್, ಅದು ನಮ್ಮ ಪೀರಿಯಡ್ಡು ಸಾರ್.”

“ಶಿಕ್ಷೆ ಅಂದ್ರೆ ಶಿಕ್ಷೆ.”

“ಬೇಕಾದ್ರೆ ಹತ್ತು ಸುತ್ತು ಓಡ್ತೀವಿ ಸಾರ್. ಮೈದಾನ ಬೇಡ ಅನ್ಬೇಡಿ.” ಹಿಂದಿನಿಂದ ನಾಲ್ಕಾರು ದನಿ ಸೇರಿಕೊಂಡವು. “ಹೌದು ಸಾರ್, ಹದಿನೈದು ಓಡ್ತೀವಿ.” “ನನ್ನ ಕಾಲು ಸರಿಹೋಯ್ತು ಸಾರ್.”

ಡ್ರಿಲ್ ಮೇಷ್ಟ್ರು ಕಿಟಕಿಯಂಚಿನಿಂದ ಮೆಲ್ಲಗೆ ಇಣುಕಿದರು. ನಲವತ್ತೆರಡು ಮುಖಗಳೂ ಆಚೆಗೆ, ಮೈದಾನದ ಕಡೆಗೆ ತಿರುಗಿದ್ದವು. ಆ ನೋಟ ಅವರಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅದು ಅವರದ್ದೇ ನೋಟ. ಭಾಷಣದಿಂದ ಆಗದ್ದು, ಸುಣ್ಣದಿಂದ ಆಗದ್ದು, ಒಂದು ‘ಕೂಡದು’ ಎಂಬ ಮಾತಿನಿಂದ ಆಗಿಬಿಟ್ಟಿತ್ತು. ಮಕ್ಕಳಿಗೆ ಮೈದಾನ ಬೇಕಾಗಿತ್ತು.

ಬೇಕಾದದ್ದೇನೋ ಆಯಿತು, ಮಕ್ಕಳು ಮಾತ್ರ ಲೆಕ್ಕದ ಮೇಷ್ಟ್ರ ಕೈಯಲ್ಲಿದ್ದರು. ಕೊನೆಯ ಪೀರಿಯಡ್ ಗಂಟೆ ಹೊಡೆಯಿತು. ಗೇಟಿನಲ್ಲಿ ಸಾಹೇಬರ ಕಾರು ನಿಂತು, ದೊಡ್ಡಮೇಡಂ ಅವರನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಡ್ರಿಲ್ ಮೇಷ್ಟ್ರು ಏಳನೇ ತರಗತಿಗೆ ಓಡಿದರು.

“ಬಿಟ್ಟುಬಿಡಿ ಮೇಷ್ಟ್ರೇ. ಸಾಹೇಬ್ರು ಬಂದಾಯ್ತು. ಹತ್ತು ನಿಮಿಷಕ್ಕೆ ಮೈದಾನಕ್ಕೆ ಬರ್ತಾರೆ.”

“ನೀವೇ ತಾನೇ ಬೇರೆ ಶಿಕ್ಷೆ ಕೊಡಿ ಅಂದದ್ದು? ಕೊಟ್ಟೆ. ಈಗ ವಾಪಸ್ ತಗೊಂಡ್ರೆ ನಾಳೆ ಇವರು ನನ್ನ ಮಾತಿಗೆ ಕವಡೆ ಕಿಮ್ಮತ್ತು ಕೊಡ್ತಾರಾ?”

“ನಿಮ್ಮ ಕಾಲಿಗೆ ಬೀಳ್ತೀನಿ.”

“ಬೀಳ್ಬೇಡಿ, ನನಗೆ ಬಗ್ಗಿ ಎತ್ತೋಕಾಗಲ್ಲ.” ಲೆಕ್ಕದ ಮೇಷ್ಟ್ರು ಸ್ವಲ್ಪ ಕರಗಿದರು. “ಒಂದು ಕೆಲಸ ಮಾಡೋಣ. ಬೋರ್ಡ್ ಮೇಲೆ ಒಂದು ಲೆಕ್ಕ ಇದೆ. ಅದು ಮುಗೀಲಿ, ಮುಗಿದ ತಕ್ಷಣ ಬಿಡ್ತೀನಿ.”

ಮಕ್ಕಳಲ್ಲಿ ಒಬ್ಬರೂ ಲೆಕ್ಕ ಮುಗಿಸುವ ಲಕ್ಷಣ ಕಾಣಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಸ್ಥಿತಿ. ಡ್ರಿಲ್ ಮೇಷ್ಟ್ರಿಗೆ ತಾಳ್ಮೆ ಮುಗಿಯಿತು. “ಇಲ್ಲಿ ಕೊಡಿ, ನಾನೇ ಮುಗಿಸ್ತೀನಿ” ಎಂದು ಸೀಮೆಸುಣ್ಣ ಕಿತ್ತುಕೊಂಡರು. ಬರೆಯಲು ಕೈ ಎತ್ತಿದಾಗೆಲ್ಲ ಕೊರಳಲ್ಲಿದ್ದ ಸೀಟಿ ಹಲಗೆಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟು ಲೆಕ್ಕ ಓದಿದರು. ಒಂದು ನಲ್ಲಿ ಖಾಲಿ ತೊಟ್ಟಿಯನ್ನು ನಾಲ್ಕು ಗಂಟೆಯಲ್ಲಿ ತುಂಬಿಸುತ್ತದೆ. ತಳದಲ್ಲಿರುವ ತೂತು ತುಂಬಿದ ತೊಟ್ಟಿಯನ್ನು ಆರು ಗಂಟೆಯಲ್ಲಿ ಖಾಲಿ ಮಾಡುತ್ತದೆ. ಎರಡೂ ತೆರೆದಿದ್ದರೆ ತೊಟ್ಟಿ ತುಂಬಲು ಎಷ್ಟು ಗಂಟೆ ಬೇಕು?

“ಆರರಲ್ಲಿ ನಾಲ್ಕು ಹೋದ್ರೆ ಎರಡು. ಎರಡು ಗಂಟೆ. ಮುಗೀತು.”

“ಏನ್ರೀ ಇದು?” ಲೆಕ್ಕದ ಮೇಷ್ಟ್ರಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. “ತೂತಿಲ್ಲದಿದ್ರೇ ನಾಲ್ಕು ಗಂಟೆ ಬೇಕು. ತೂತಿದ್ರೆ ಎರಡೇ ಗಂಟೇಲಿ ತುಂಬುತ್ತಾ?”

“ಮೊದ್ಲು ಆ ತೂತು ಮುಚ್ಚೋಕೇನು ಇವರಿಗೆ?”

“ತೂತು ಮುಚ್ಚಿದ್ರೆ ಲೆಕ್ಕ ಎಲ್ಲಿರುತ್ತೆ?”

“ಇಲ್ದಿದ್ರೆ ಇನ್ನೂ ಒಳ್ಳೇದು. ಮಕ್ಕಳು ಆಟಕ್ಕೆ ಹೋಗ್ತಾರೆ.”

“ಇಲ್ಲಿ ನೋಡಿ, ಒಂದು ಗಂಟೇಲಿ ನಲ್ಲಿ ಎಷ್ಟು ಭಾಗ ತುಂಬಿಸುತ್ತೆ? ನಾಲ್ಕನೇ ಒಂದು...” ಲೆಕ್ಕದ ಮೇಷ್ಟ್ರೂ ಇನ್ನೊಂದು ಸೀಮೆಸುಣ್ಣ ಹಿಡಿದು ಹಲಗೆಗೆ ಮುಖ ಮಾಡಿದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತ, ಇಬ್ಬರು ಮೇಷ್ಟ್ರೂ ತರಗತಿಗೆ ಬೆನ್ನು ಹಾಕಿ ಆ ತೊಟ್ಟಿಯೊಳಗೆ ಮುಳುಗಿಹೋದರು. “ಈಗ ಗೊತ್ತಾಯ್ತಾ ಮಕ್ಕಳೇ?” ಎಂದು ಲೆಕ್ಕದ ಮೇಷ್ಟ್ರು ತಿರುಗಿದಾಗ ಬೆಂಚುಗಳ ಮೇಲೆ ಚೀಲಗಳು ಮಾತ್ರ ಕೂತಿದ್ದವು. ಎರಡು ಕಿಟಕಿಗಳೂ ಹಿಂದಿನ ಬಾಗಿಲೂ ಹಾರುಹೊಡೆದಿದ್ದವು. ಕೊನೆಯಲ್ಲಿ ಉಳಿದಿದ್ದ ಇರುವೆಯ ಹುಡುಗ, ಸದ್ದಾಗಬಾರದೆಂದು ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆಯುತ್ತ ಹೊರಗೆ ಹೋದ.

“ಏಯ್, ನಿಲ್ರೋ” ಎಂದು ಲೆಕ್ಕದ ಮೇಷ್ಟ್ರು ಕೂಗಿದರು. ನಾಲ್ಕನೇ ಒಂದು ಎನ್ನುವ ದನಿಗೆ ಅಷ್ಟು ದೂರ ಹೋಗುವ ಅಭ್ಯಾಸವಿರಲಿಲ್ಲ. ಮೇಜಿನ ಮೇಲಿದ್ದ ಸೀಟಿ ಬಾಚಿಕೊಂಡು, ತೋಳು ಮೇಲಕ್ಕೇರಿಸಿಕೊಂಡು ಅವರೂ ಮೈದಾನಕ್ಕೆ ಓಡಿದರು.

ವಾಪಸ್ ಬನ್ನಿ ಎಂದು ಅವರು ಸೀಟಿ ಊದಿದ್ದು. ಆದರೆ ಸೀಟಿ ಊದಿದರೆ ಆಟ ಶುರು ಎಂದಷ್ಟೇ ಮಕ್ಕಳಿಗೆ ಗೊತ್ತು. ನಲವತ್ತೆರಡು ಜನರೂ ಹೋ ಎಂದು ನಾಲ್ಕು ದಿಕ್ಕಿಗೆ ಚದುರಿದರು. ಲೆಕ್ಕದ ಮೇಷ್ಟ್ರು ಒಬ್ಬನ ಬೆನ್ನು ಹಿಡಿಯಲು ಹೋದರು, ಬೆರಳು ತಾಗಿತು, ಅವನು ತಪ್ಪಿಸಿಕೊಂಡ. “ಔಟ್, ಔಟ್” ಎಂದು ಎಲ್ಲರೂ ಕೂಗಿದರು. ಹಾಗಾದರೆ ಈಗ ಯಾರ ಸರದಿ ಎಂದು ಲೆಕ್ಕದ ಮೇಷ್ಟ್ರಿಗೇ ಗೊಂದಲವಾಯಿತು. ಅಷ್ಟರಲ್ಲಿ ಯಾರೋ ಅವರ ಬೆನ್ನು ಮುಟ್ಟಿ ಓಡಿದರು. ಅವರು ಗರ್ರನೆ ತಿರುಗಿದರು. ಮುಖದ ಮೇಲೆ ಸಿಟ್ಟಿತ್ತು, ಅದು ಅರ್ಧ ದಾರಿಯಲ್ಲಿ ನಗುವಾಗಿಬಿಟ್ಟಿತು. ಅವರ ಹಲ್ಲನ್ನು ಶಾಲೆಯಲ್ಲಿ ಯಾರೂ ನೋಡಿರಲಿಲ್ಲ.

ಡ್ರಿಲ್ ಮೇಷ್ಟ್ರೂ ಸೀಮೆಸುಣ್ಣ ಹಿಡಿದುಕೊಂಡೇ ಬಾಗಿಲ ಕಡೆ ಹಾರಿದರು. ಬಾಗಿಲಲ್ಲಿ ದೊಡ್ಡಮೇಡಂ. ಅವರ ಹಿಂದೆ ನಮೂನೆ ಹಿಡಿದ ತೆಳ್ಳನೆಯ ಸಾಹೇಬರು. ಸಾಹೇಬರ ಕಣ್ಣು ಮೈದಾನದ ಮೇಲಿತ್ತು, ತುಟಿ ಎಣಿಸುತ್ತಿತ್ತು.

“ನಲವತ್ತು, ನಲವತ್ತೊಂದು, ಆ ಮೂಲೇಲಿ ಕೂತಿರೋನು ನಲವತ್ತೆರಡು.” ಸಾಹೇಬರು ಹನ್ನೊಂದನೇ ಕಾಲಮಿನ ಪಕ್ಕದಲ್ಲಿ ಸರಿ ಗುರುತು ಹಾಕಿದರು. “ನಾನು ನಂಬಿರ್ಲಿಲ್ಲ ಮೇಡಂ. ಮಕ್ಕಳ ಜೊತೆ ಮಗು ಥರ ಓಡ್ತಿದಾರಲ್ಲ, ಸೀಟಿ ಊದ್ಕೊಂಡು. ಅವ್ರೇನಾ ನಿಮ್ಮ ಡ್ರಿಲ್ ಮೇಷ್ಟ್ರು?”

ದೊಡ್ಡಮೇಡಂ ಮೈದಾನವನ್ನು ಒಮ್ಮೆ ನೋಡಿದರು. ಇಸ್ತ್ರಿ ಅಂಗಿ ತೊಟ್ಟು, ತಲೆಯಿಂದ ಕಾಲಿನವರೆಗೆ ಬಿಳಿ ಪುಡಿ ಮೆತ್ತಿಕೊಂಡು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಖಾಲಿ ತರಗತಿಯ ಬಾಗಿಲಲ್ಲಿ ನಿಂತಿದ್ದವರನ್ನು ಒಮ್ಮೆ ನೋಡಿದರು. ನಮೂನೆಯ ಕೆಳಗಿದ್ದ ತಮ್ಮ ಸಹಿಯನ್ನೂ ನೋಡಿದರು. ಲೆಕ್ಕದ ಮೇಷ್ಟ್ರಿಗಿಂತ ಬೇಗ ಅವರ ಲೆಕ್ಕ ಮುಗಿಯಿತು.

“ಹೌದು ಸಾರ್, ಅವ್ರೇ.”

“ಹಾಗಾದ್ರೆ ಇವರು?”

“ಲೆಕ್ಕದವ್ರು.”

“ಸಾರ್, ನಾನು...” ಎಂದು ಡ್ರಿಲ್ ಮೇಷ್ಟ್ರು ಬಾಯಿ ತೆರೆದರು.

“ನೀವು ಲೆಕ್ಕ ಮುಂದುವರಿಸಿ ಮೇಷ್ಟ್ರೇ” ಎಂದರು ದೊಡ್ಡಮೇಡಂ. ಆ ದನಿಯಲ್ಲಿ ಸ್ಟೋರ್ ರೂಮಿನ ಬೀಗದ ಸದ್ದಿತ್ತು.

ಸಾಹೇಬರು ಒಳಗೆ ಬಂದು ಖಾಲಿ ಬೆಂಚುಗಳನ್ನು ನೋಡಿದರು. ತೆರೆದ ಕಿಟಕಿಗಳನ್ನು ನೋಡಿದರು. ಹಲಗೆಯ ಮೇಲೆ ಅರ್ಧಂಬರ್ಧ ಅಳಿಸಿಹೋದ ಎರಡು ಗಂಟೆಯನ್ನು ಬಹಳ ಹೊತ್ತು ನೋಡಿ, ಹೊರಗೆ ಹೋಗಿ ಜಗಲಿಯಲ್ಲಿ ಮೈದಾನಕ್ಕೆ ಎದುರಾಗಿ ಕುರ್ಚಿ ಹಾಕಿಸಿಕೊಂಡು ಕೂತರು. ಅವರಿಗೆ ಟೀ ಬಂತು.

ಡ್ರಿಲ್ ಮೇಷ್ಟ್ರು ಕಿಟಕಿಯ ಬಳಿ ನಿಂತರು. ಧೂಳು ಎದ್ದಿತ್ತು. ಥೇಟ್ ಹತ್ತೊಂಬತ್ತು ವರ್ಷದ ಹಿಂದಿನ ಧೂಳು, ಸಂಜೆಯ ಬಿಸಿಲಿಗೆ ಬಂಗಾರದ ಹಾಗೆ. ಹೊಟ್ಟೆನೋವಿನ ಏಳು ಜನ ಅದರೊಳಗೆ ಹೊರಳುತ್ತಿದ್ದರು. ಬಿಸಿಲು ಆಗದ ಇಬ್ಬರು ಬಿಸಿಲಿನಲ್ಲೇ ನಿಂತು ತಮ್ಮ ಸರದಿಗೆ ಜಗಳವಾಡುತ್ತಿದ್ದರು. ಮೇಷ್ಟ್ರ ಕಾಲು ತಾನಾಗಿ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಅಲ್ಲಿಗೆ ಹೋಗಲು ಮೂರು ಮೆಟ್ಟಿಲು ಇಳಿದರೆ ಸಾಕಿತ್ತು. ಮೆಟ್ಟಿಲ ಪಕ್ಕದಲ್ಲೇ ಸಾಹೇಬರು ಟೀ ಕುಡಿಯುತ್ತಿದ್ದರು. ಇಳಿದರೆ ನಲವತ್ತೆರಡು ಸುಳ್ಳಾಗುತ್ತದೆ, ಆಟದ ಪೀರಿಯಡ್ಡೇ ಹೋಗುತ್ತದೆ. ಅವರು ಕಿಟಕಿಯ ಸರಳಿಲ್ಲದ ಚೌಕಟ್ಟಿಗೆ ಎರಡೂ ಮೊಣಕೈ ಊರಿ ಅಲ್ಲೇ ನಿಂತರು. ಕಣ್ಣು ಉರಿಯುತ್ತಿತ್ತು. ಸುಣ್ಣದ ಪುಡಿ ಎಂದು ಒರೆಸಿಕೊಂಡರು.

ಸ್ವಲ್ಪ ಹೊತ್ತಿಗೆ ದೊಡ್ಡಮೇಡಂ ತಪಾಸಣೆ ಪುಸ್ತಕ ಹಿಡಿದುಕೊಂಡು ಬಂದರು. ಸಾಹೇಬರು ಬರೆದದ್ದನ್ನು ತಗ್ಗಿದ ದನಿಯಲ್ಲಿ ಓದಿದರು.

“‘ಈ ಶಾಲೆಯ ಡ್ರಿಲ್ ಮೇಷ್ಟ್ರು ಮಕ್ಕಳಲ್ಲಿ ತುಂಬಿರುವ ಉತ್ಸಾಹ ಅಪರೂಪದ್ದು. ಅವರು ನಿವೃತ್ತರಾಗುವವರೆಗೆ ಅವರನ್ನು ಮೈದಾನದಿಂದ ಕದಲಿಸಬಾರದು. ಆಟದ ಅವಧಿಯನ್ನು ಯಾವ ಕಾರಣಕ್ಕೂ ಬೇರೆ ವಿಷಯಕ್ಕೆ ಕೊಡಬಾರದು.’”

“ಎಷ್ಟು ಚೆನ್ನಾಗಿ ಬರೆದಿದಾರೆ” ಎಂದರು ಡ್ರಿಲ್ ಮೇಷ್ಟ್ರು. ಅವರು ಹೃದಯಪೂರ್ವಕವಾಗಿಯೇ ಹೇಳಿದ್ದು.

“ಇನ್ನೂ ಇದೆ. ‘ಲೆಕ್ಕದ ಮೇಷ್ಟ್ರು ಬೆಂಚುಗಳಿಗೆ ಪಾಠ ಮಾಡುತ್ತಿದ್ದರು. ಮಕ್ಕಳು ಇವರ ತರಗತಿಯಿಂದ ಕಿಟಕಿ ಹಾರಿ ಓಡುತ್ತಾರೆ. ಮಾಡಿದ ಲೆಕ್ಕವೂ ತಪ್ಪು. ಮಕ್ಕಳನ್ನು ಹುರಿದುಂಬಿಸುವುದು ಹೇಗೆಂದು ಡ್ರಿಲ್ ಮೇಷ್ಟ್ರಿಂದ ಇವರು ಕಲಿಯಬೇಕು. ಮುಂದಿನ ತಿಂಗಳು ಮತ್ತೆ ಬಂದು ಇವರ ಪಾಠ ನೋಡುತ್ತೇನೆ.’” ದೊಡ್ಡಮೇಡಂ ಪುಸ್ತಕ ಮುಚ್ಚಿದರು. “ಬರೆದದ್ದು ಬರೆದಾಯ್ತು. ತಪ್ಪು ಅಂತ ಹೇಳೋಕೆ ಹೋದ್ರೆ ನಿಮ್ಮ ಹನ್ನೊಂದನೇ ಕಾಲಮ್ಮೂ ಬಿಚ್ಚಿಕೊಳ್ಳುತ್ತೆ, ನನ್ನ ಸಹಿನೂ ಬಿಚ್ಚಿಕೊಳ್ಳುತ್ತೆ. ನಾಳೆಯಿಂದ ಏಳನೇ ಕ್ಲಾಸಿಗೆ ಆಟ ಅವರು, ಲೆಕ್ಕ ನೀವು.”

“ನನಗೆ ಲೆಕ್ಕ ಬರಲ್ಲ ಮೇಡಂ.”

“ಅದು ಸಾಹೇಬ್ರಿಗೂ ಗೊತ್ತಾಗಿದೆ. ಕಲೀರಿ.”

ಅವರು ಹೊರಗೆ ಹೋಗಿ, ಏದುಸಿರು ಬಿಡುತ್ತ ಜಗಲಿಯಂಚಿಗೆ ಬಂದಿದ್ದ ಲೆಕ್ಕದ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿದರು. ಬೇಡ ಎನ್ನುತ್ತಾರೇನೋ ಎಂದು ಡ್ರಿಲ್ ಮೇಷ್ಟ್ರು ಆಸೆಯಿಂದ ನೋಡಿದರು. ಲೆಕ್ಕದ ಮೇಷ್ಟ್ರು ಒಂದು ನಿಮಿಷ ಯೋಚಿಸಿದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವರ ಬೆನ್ನು ಮುಟ್ಟಿ ಓಡಿದರು. ಅವರು ಹಿಡೀತೀನಿ ಇರು ಎಂದು ಆ ಕಡೆ ಓಡಿಬಿಟ್ಟರು.

ಗಂಟೆ ಹೊಡೆಯಲು ಐದು ನಿಮಿಷವಿದ್ದಾಗ ವಕೀಲಮ್ಮ ಕಿಟಕಿಯ ಹತ್ತಿರ ಬಂದಳು. ಕೆನ್ನೆಗೆ ಮಣ್ಣು ಮೆತ್ತಿತ್ತು, ಜಡೆ ಬಿಚ್ಚಿಹೋಗಿತ್ತು. ಅವಳ ಹಿಂದೆ ಏಳೆಂಟು ಮಕ್ಕಳು ಗುಂಪಾಗಿ ನಿಂತು ಅವಳನ್ನು ಮುಂದಕ್ಕೆ ತಳ್ಳುತ್ತಿದ್ದರು. ಮೇಷ್ಟ್ರ ಎದೆ ಹಗುರಾಯಿತು. ನೀವೂ ಆಟಕ್ಕೆ ಬನ್ನಿ ಸಾರ್ ಎಂದು ಕರೆಯಲು ಬಂದಿರಬೇಕು ಎಂದುಕೊಂಡರು. ಸಾಹೇಬರು ಇದ್ದರೂ ಸರಿಯೇ, ಕರೆದರೆ ಕಿಟಕಿ ಹಾರಿಯಾದರೂ ಹೋಗಿಬಿಡುವುದೆಂದು ಚೌಕಟ್ಟಿನ ಮೇಲೆ ಕೈಯಿಟ್ಟು ಸಿದ್ಧರಾದರು.

“ಸಾರ್, ನಾಳೆಯಿಂದ ನಮಗೆ ಲೆಕ್ಕ ನೀವೇ ಅಂತೆ. ಹೌದಾ?”

“ಹೌದಮ್ಮ.”

“ಒಂದು ವಿಷಯ ಕೇಳೋಕೆ ಬಂದ್ವಿ. ನೀವು ಎಷ್ಟು ಲೆಕ್ಕ ಬೇಕಾದ್ರೂ ಕೊಡಿ, ಮನೇಲಿ ಮಾಡ್ಕೊಂಡು ಬರ್ತೀವಿ.” ಅವಳು ಉಗುಳು ನುಂಗಿಕೊಂಡಳು. “ನಮ್ಮ ಆಟದ ಪೀರಿಯಡ್ ಮಾತ್ರ ತಗೋಬೇಡಿ ಸಾರ್.”

ಯಾವುದಾದರೂ ಒಂದು ಮಗುವಿನ ಬಾಯಲ್ಲಿ ಈ ಮಾತು ಕೇಳಬೇಕೆಂದು ಅವರು ಎಷ್ಟೋ ವರ್ಷ ಕಾದಿದ್ದರು. ಈಗ ಕೇಳಿದರು. ಹೀಗೆ, ಕಿಟಕಿಯ ಈ ಕಡೆ ನಿಂತು ಕೇಳಬೇಕಾಗುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

“ತಗೊಳಲ್ಲ” ಎಂದರು.

“ಲೆಕ್ಕದ ಮೇಷ್ಟ್ರುಗಳು ಮೊದ್ಲು ಹಾಗೇ ಹೇಳೋದು ಸಾರ್. ಬರೆದುಕೊಡಿ.”

ಮೇಷ್ಟ್ರು ಮೇಜಿನ ಮೇಲಿದ್ದ ಒಂದು ಹಾಳೆ ತೆಗೆದುಕೊಂಡು, ಆಟದ ಪೀರಿಯಡ್ಡನ್ನು ಎಂದೂ ತೆಗೆದುಕೊಳ್ಳುವುದಿಲ್ಲ ಎಂದು ಬರೆದು, ಕೆಳಗೆ ಅಭ್ಯಾಸಬಲದಿಂದ ‘ಡ್ರಿಲ್ ಮೇಷ್ಟ್ರು’ ಎಂದು ಸಹಿ ಮಾಡಿ ಕೊಟ್ಟರು. ವಕೀಲಮ್ಮ ಎರಡು ಸಲ ಓದಿ ಹಾಳೆಯನ್ನು ವಾಪಸ್ ಚಾಚಿದಳು.

“ಹೀಗಿದ್ರೆ ನಡಿಯಲ್ಲ ಸಾರ್. ಇದನ್ನ ಹೊಡೆದುಹಾಕಿ ಲೆಕ್ಕದ ಮೇಷ್ಟ್ರು ಅಂತ ಬರೀರಿ.”

ಅವರು ಹೊಡೆದುಹಾಕಿ ಬರೆದರು. ವಕೀಲಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಉಳಿದ ಎರಡು ನಿಮಿಷ ಹಾಳಾಗಬಾರದೆಂದು ಎಲ್ಲರನ್ನೂ ಕರೆದುಕೊಂಡು ಮೈದಾನಕ್ಕೆ ಓಡಿದಳು.